ಕುದುರಿ ಕುದುರಿತೇನ್ರಿ?

ಕುದುರೆಯ ಹಿಂದೆ ನಿಂತವನಿಗೆ ಒದೆ ತಪ್ಪದು ಅಂತಾರೆ. ನಾನು ಯಾವ ಕುದುರೆಯ ಹಿಂದೆಯೂ ನಿಂತವನಲ್ಲ, ಬಳ್ಳಾರಿಯ ಮನೆಯಲ್ಲಿ ಆರಾಮಕುರ್ಚಿಯ ಮೇಲೆ ಕೂತವನು. ಆದರೂ ಒದೆಗಳು ವಿಳಾಸ ಕೇಳಿಕೊಂಡು ಬರುತ್ತಲೇ ಇರುತ್ತವೆ.

ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿ ನಿವೃತ್ತನಾದವನು ನಾನು. ಹಿಂದೊಮ್ಮೆ ಉತ್ತರಪತ್ರಿಕೆ ತಿದ್ದಲು ಬೆಂಗಳೂರಿಗೆ ಹೋದಾಗ ರೇಸ್‌ಕೋರ್ಸಿನೊಳಗೆ ಕಾಲಿಟ್ಟೆ. ಹುಡುಗರ ಮೌಲ್ಯಮಾಪನಕ್ಕಿಂತ ಕುದುರೆಗಳ ಮೌಲ್ಯಮಾಪನವೇ ರುಚಿ ಹತ್ತಿತು. ಹಿಂದಿನ ಓಟದಲ್ಲಿ ಹೇಗೆ ಓಡಿತ್ತು, ಇವತ್ತಿನ ದೂರ ಅದಕ್ಕೆ ಒಗ್ಗುತ್ತದೋ ಇಲ್ಲವೋ, ನೆಲ ಹಸಿಯೋ ಒಣವೋ, ಬೆನ್ನ ಮೇಲೆ ಭಾರವೆಷ್ಟು, ಜಾಕಿ ಯಾರು, ಇಷ್ಟೂ ಅಳೆದು ತೂಗಿ ಗೆಲ್ಲುವುದು ಯಾವುದೆಂದು ಹೇಳಬೇಕು. ದುಡ್ಡು ಮಾತ್ರ ಒಂದು ಪೈಸೆಯೂ ಕಟ್ಟುವುದಿಲ್ಲ. ಬ್ರೂಸ್‌ಪೇಟೆಯ ನನ್ನ ಗೆಳೆಯ, ನಿವೃತ್ತ ಪೋಸ್ಟ್ ಮಾಸ್ತರ, ಒಂದು ಕುದುರೆ ಹೇಳುತ್ತಾನೆ, ನಾನೊಂದು ಹೇಳುತ್ತೇನೆ. ಸೋತವರು ಒಗ್ಗರಣಿ-ಮಿರ್ಚಿ ತಿನ್ನಿಸಬೇಕು. ಅವನ ಹೊಟ್ಟೆ ನೋಡಿದರೆ ಸಾಕು, ನಾನೆಷ್ಟು ಸಲ ಸೋತಿದ್ದೇನೆ ಎಂದು ತಿಳಿಯುತ್ತದೆ.

ಒಂದು: ಭಾರದ ಶಾಸ್ತ್ರ

ಮಗಳಿಗೆ ಸಿರುಗುಪ್ಪದಿಂದ ಸಂಬಂಧ ಬಂತು. ಅಕ್ಕಿ ಗಿರಣಿಯ ಮನೆತನ, ಗಿರಣಿಯ ಉಸ್ತುವಾರಿ ಹುಡುಗನದೇ. ಇಬ್ಬರೂ ಭೇಟಿಯಾಗಿ ಮಾತಾಡಿದ್ದರು. ಅಲ್ಲಿಯವರೆಗೆ ಬಂದ ವರಗಳಿಗೆಲ್ಲ ಮೂಗು ಮುರಿದಿದ್ದ ಮಗಳು ಈ ಸಲ ಹಾಡು ಗುನುಗುತ್ತ ಓಡಾಡತೊಡಗಿದಳು. ದೊಡ್ಡವರು ಹೂಂ ಅನ್ನುವುದಷ್ಟೇ ಬಾಕಿ. ಆದರೆ ಮಧ್ಯಸ್ಥರು ಒಂದು ಮಾತು ಹೇಳಿ ನನ್ನ ಎದೆಯೊಡೆಸಿದರು: “ಹುಡುಗನ ತಂದಿ ಭಾಳ ಬಿಗಿ ಮನುಷ್ಯ. ನಗಂಗಿಲ್ಲ. ಆ ಮನ್ಯಾಗ ಇಸ್ಪೀಟ್ ಎಲಿ ಕಂಡ್ರೂ ಆಗಂಗಿಲ್ಲ.”

ಅವತ್ತೇ ನನ್ನ ಹೆಂಡತಿಯ ಕಟ್ಟಪ್ಪಣೆ ಹೊರಟಿತು. “ಸಂಬಂಧ ಕುದುರೋತನಕ ಕುದುರಿ ಅನ್ನೋ ಮಾತು ನಿಮ್ಮ ಬಾಯಾಗ ಬರಬಾರ್ದು. ಮಗಳ ಬಾಳ್ವಿ ಐತಿ ಇದ್ರಾಗ.”

“ಇದು ಜೂಜಲ್ಲ, ಶಾಸ್ತ್ರ,” ಅಂದೆ. “ಈಗ ನೋಡು, ಗೆದ್ದು ಗೆದ್ದು ಬರೋ ಕುದುರಿ ಜೀನಿನಾಗ ಸೀಸ ಇಟ್ಟು ಭಾರ ಹೆಚ್ಚು ಮಾಡ್ತಾರ. ಮೈಗಳ್ಳ ಕುದುರಿಗೆ ಭಾರ ಕಡಿಮಿ. ಅದನ್ನ ಲೆಕ್ಕ ಹಾಕಿ ನಾವು...”

“ಅಂದ್ರ ದುಡಿಯಾಕಿ ಮ್ಯಾಲ ಇನ್ನಷ್ಟು ಹೇರೋದು, ಮೈಗಳ್ಳನ್ನ ಹಗೂರ ಬಿಡೋದು. ಅದು ರೇಸ್ ಅಲ್ರಿ, ಸಂಸಾರ!” ಎಂದವಳೇ ಸಂತೆಚೀಲವನ್ನು ನನ್ನ ಹೆಗಲಿಗೇರಿಸಿದಳು.

ಎರಡು: ಕುರುಗೋಡಿನ ಸಾಧು ಕುದುರೆ

ದೊಡ್ಡವರು ಮೊದಲ ಸಲ ಮುಖ ನೋಡಿಕೊಳ್ಳಲೆಂದು ಮಧ್ಯಸ್ಥರು ಕುರುಗೋಡಿನ ಒಂದು ಮದುವೆಯನ್ನು ಗೊತ್ತುಮಾಡಿದರು. ಸಿರುಗುಪ್ಪದ ಹುಡುಗನ ತಂದೆ ನನ್ನ ಪಕ್ಕದಲ್ಲೇ ನಿಂತಿದ್ದರು. ಬಿಳಿ ಅಂಗಿ, ಮುಚ್ಚಿದ ತುಟಿ. ನಾನು ಮಳೆ, ಭತ್ತ, ರಸ್ತೆ ಎಲ್ಲದರ ಬಗ್ಗೆಯೂ ಮಾತಾಡಿ ನೋಡಿದೆ. ಅವರದು ಎಲ್ಲಕ್ಕೂ ಒಂದೇ “ಹ್ಞೂಂ.”

ಅಷ್ಟರಲ್ಲಿ ಮದುಮಗನನ್ನು ಹೊತ್ತ ಬಿಳಿ ಕುದುರೆ ಬಂತು. ಮದುಮಗನ ಸೋದರಮಾವನಿಗೆ ನನ್ನ ಹುಚ್ಚು ಗೊತ್ತು. “ಮೇಷ್ಟ್ರೆ, ಸ್ವಲ್ಪ ನೋಡ್ರಿ. ಬ್ಯಾಂಡಿಗೆ ಹೆದರಿ ಹುಡುಗನ್ನ ಕೆಡವೀತು ಅಂತ ಜೀವ ಡವಡವ ಅನ್ನಾಕತ್ತೈತಿ” ಅಂದುಬಿಟ್ಟ.

ಹೆಂಡತಿ ಹಿಂದಿನಿಂದ ಚಿವುಟಿದಳು. ಆದರೆ ಬಾಯಿ ಕೇಳಬೇಕಲ್ಲ! ಕುದುರೆಯನ್ನು ಒಂದು ಸುತ್ತು ಹಾಕಿ ಬಂದೆ. “ಕಿವಿ ಸಡಿಲ ಅದಾವ, ಕಣ್ಣು ಶಾಂತ, ಬೆವರಿಲ್ಲ. ಸಿಡಿಲು ಬಿದ್ರೂ ಇದು ಅಲ್ಲಾಡಂಗಿಲ್ಲ, ಬರದುಕೊಡ್ತೀನಿ!”

ನನ್ನ ಜನ್ಮದಲ್ಲಿ ಇಷ್ಟು ಖರೇ ಆದ ಭವಿಷ್ಯ ಇನ್ನೊಂದಿಲ್ಲ. ಬ್ಯಾಂಡು ಹೊಡೆಯಿತು, ಅಲ್ಲಾಡಲಿಲ್ಲ. ಪಟಾಕಿ ಸಿಡಿಯಿತು, ಅಲ್ಲಾಡಲಿಲ್ಲ. ಕುದುರೆಯವನು ಬೆಲ್ಲ ತೋರಿಸಿದ, ಬೆಲ್ಲ ತಿಂದು ಆ ಊರಿನ ಗುಡಿಯ ದೊಡ್ಡ ಕಲ್ಲು ಬಸವಣ್ಣನ ಹಾಗೆ ನಿಂತೇ ಇತ್ತು. ಅತ್ತ ಪುರೋಹಿತರು ಮುಹೂರ್ತ ಮೀರುತ್ತದೆಂದು ಕೂಗುತ್ತಿದ್ದಾರೆ, ಇತ್ತ ಹೆಣ್ಣಿನ ತಂದೆಯ ಮುಖ ಬಿಳಿಚಿದೆ. ಕೊನೆಗೆ ಮದುಮಗ ಧುಮುಕಿ, ರೇಷ್ಮೆ ಪಂಚೆ ಎತ್ತಿ ಕಟ್ಟಿ, ಬಾಸಿಂಗ ಹಿಡಿದುಕೊಂಡು ಮಂಟಪಕ್ಕೆ ಓಡಿದ.

ಸಿರುಗುಪ್ಪದ ಹುಡುಗನ ತಂದೆ ಅವನು ಓಡುವುದನ್ನೇ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅವತ್ತು ಅವರು ಆಡಿದ ಒಂದೇ ಒಂದು ಮಾತು: “ಓಟ ಛಲೋ ಐತಿ.”

ಮೂರು: ಸಿರುಗುಪ್ಪದ ಕೊನೇ ತಿರುವು

ಆ ಮಾತು ಹೊಗಳಿಕೆಯೋ ತೆಗಳಿಕೆಯೋ ತಿಳಿಯದೆ ನನಗೆ ನಿದ್ದೆ ಹತ್ತಲಿಲ್ಲ. ಮುಂದಿನ ಭಾನುವಾರ ಸಿರುಗುಪ್ಪಕ್ಕೆ ಮನೆ ನೋಡಲು ಹೊರಟೆವು. ಹುಡುಗಿ ಹೋಗುವುದು ನಮ್ಮಲ್ಲಿ ರೂಢಿಯಿಲ್ಲ, ಆದರೆ “ಬಾಳೋಳು ನಾನು, ಮನಿ ನೋಡೋರು ನೀವಾ?” ಎಂದು ಮಗಳು ಎಲ್ಲರಿಗಿಂತ ಮೊದಲೇ ಕಾರಿನಲ್ಲಿ ಕೂತಿದ್ದಳು. ನನ್ನ ಫೋನು ಹೆಂಡತಿಯ ಬ್ಯಾಗಿನಲ್ಲಿ ಬಂದಿ. “ಇವತ್ತೇನರ ಕೆಟ್ರ ಮಗಳು ಜನ್ಮದಾಗ ನಿಮ್ಮ ಮುಖ ನೋಡಂಗಿಲ್ಲ” ಎಂದು ತೆಕ್ಕಲಕೋಟೆ ದಾಟುವವರೆಗೂ ಹೇಳುತ್ತಲೇ ಇದ್ದಳು.

ಉಪ್ಪಿಟ್ಟು ಆಯಿತು, ಚಹಾ ಆಯಿತು. ಹುಡುಗನ ತಂದೆ ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ, ಗೋಡೆ ಗಡಿಯಾರವನ್ನೇ ನೋಡುತ್ತಿದ್ದರು. ಆಗ ಬ್ಯಾಗಿನೊಳಗೆ ಫೋನು ರಿಂಗಾಯಿತು. ನಿಂತಿತು. ಮತ್ತೆ ರಿಂಗಾಯಿತು. ಹೆಂಡತಿ ಹಲ್ಲು ಕಚ್ಚಿ, “ಹೊರಗ ಹೋಗಿ ಮಾತಾಡಿ ಬರ್ರಿ” ಎಂದು ಕೊಟ್ಟಳು.

ಪೋಸ್ಟ್ ಮಾಸ್ತರನೇ! ಪಡಸಾಲೆಯ ಕಂಬದ ಮರೆಗೆ ನಿಂತು ಪಿಸುಗುಟ್ಟಿದೆ: “ಐದನೇ ನಂಬರಾ? ಬ್ಯಾಡ. ಮೈಕಟ್ಟು ಛಲೋ ಐತಿ, ಖರೆ. ಆದ್ರ ಉಸಿರು ಗಟ್ಟಿಲ್ಲ, ಕೊನೀಗೆ ಕೈ ಕೊಡ್ತೈತಿ. ತಾಯಿ ಕಡಿ ತಳಿನೂ ಸುಮಾರು.”

ತಿರುಗಿದರೆ ಹುಡುಗನ ತಂದೆ! ಫೋನನ್ನು ಬೆನ್ನ ಹಿಂದೆ ಬಚ್ಚಿಟ್ಟೆ.

“ಯಾರ ತಾಯಿ ಕಡಿ?” ಅಂದರು.

“ಕು... ಕುದುರಿದ್ರಿ.”

ಅವರು ಅಡುಗೆಮನೆಯತ್ತ ನೋಡಿದರು. ಸದ್ದಾಗದಂತೆ ಬಾಗಿಲು ಮುಂದೆ ಮಾಡಿದರು. ನನ್ನ ಕಿವಿಯ ಹತ್ತಿರ ಬಂದು, “ಐದರ ಭಾರ ಇವತ್ತು ಇಳಿಸ್ಯಾರ, ನೋಡಿರಿಲ್ಲೋ? ನಮ್ಮಾಕಿ ಮುಂದ ಅನಬ್ಯಾಡ್ರಿ ಮತ್ತ. ಲಗೂನ ಫೋನಿನಾಗ ರೇಸ್ ಹಚ್ರಿ, ಬಿಡೋ ಹೊತ್ತಾತು!” ಅಂದರು.

ಆಗಬೇಕಾದ ಬೀಗರ ಮಾತಿಗೆ ಎದುರಾಡಲಾದೀತೆ? ನಾನೂ ಐದನ್ನೇ ಹಿಡಿದೆ. ತಲೆಗೆ ತಲೆ ಕೊಟ್ಟು ಫೋನಿನ ಮೇಲೆ ಬಗ್ಗಿದೆವು. ಕೊನೇ ತಿರುವಿನಲ್ಲಿ ಐದು ಮುಂದೆ! ಬೀಗರು ನನ್ನ ಮುಂಗೈ ಹಿಂಡುತ್ತಿದ್ದಾರೆ, ನಾನು ಉಸಿರು ಬಿಗಿಹಿಡಿದಿದ್ದೇನೆ. ಇನ್ನೇನು ಬಂತು, ಬಂತು...

ಅದೇ ಗಳಿಗೆಗೆ ಬಾಗಿಲು ತೆರೆಯಿತು. ಹುಡುಗನ ತಾಯಿ ಸಕ್ಕರೆ ತಟ್ಟೆ ಹಿಡಿದು ನಿಂತಿದ್ದರು, ಹಿಂದೆ ನನ್ನ ಹೆಂಡತಿ. “ಇಷ್ಟೊತ್ತು ಮಾತಾಡೀರಿ, ಕುದುರಿತೇನ್ರಿ?” ಅಂದರು ಬೀಗಿತ್ತಿ.

ಇಬ್ಬರೂ ಒಂದೇ ದನಿಯಲ್ಲಿ ನರಳಿದೆವು: “ಇಲ್ಲ! ಕೊನೀಗೆ ಕೈ ಕೊಡ್ತು!”

ಸಕ್ಕರೆ ತಟ್ಟೆ ವಾಲಿತು. ನನ್ನ ಹೆಂಡತಿ ಬಾಗಿಲು ಹಿಡಿದುಕೊಂಡಳು. “ಯಾಕ್ರಿ? ಏನಾತು?”

“ತಳಿನೇ ಸುಮಾರು,” ಅಂದರು ಬೀಗರು, ಫೋನಿನಿಂದ ಕಣ್ಣು ಕೀಳದೆ.

ನನ್ನ ಹೆಂಡತಿಯ ಕಣ್ಣಲ್ಲಿ ನೀರು ತುಂಬಿತು. ಆಗ ಅಂಗಳದಲ್ಲಿ ಹುಡುಗನ ಜೊತೆ ನಿಂತಿದ್ದ ಮಗಳು ಓಡಿ ಬಂದು, ನಮ್ಮಿಬ್ಬರ ನಡುವೆ ತಲೆ ತೂರಿಸಿ ಫೋನು ನೋಡಿದಳು. ಬಿದ್ದು ಬಿದ್ದು ನಕ್ಕಳು.

“ಅಳಬ್ಯಾಡಮ್ಮಾ, ಇವ್ರು ಹೇಳಿದ್ದು ನಾಕ್ ಕಾಲಿನ ಸುದ್ದಿ. ನಮ್ದು ಯಾವಾಗೋ ಕುದುರೈತಿ!”

ಬೀಗರು ಗಡಬಡಿಸಿ ತಲೆಯೆತ್ತಿದರು.

“ಹೌದಾ? ಯಾವ ನಂಬರು?”