ಮಾರ್ತಾಂಡ ಮಾಸ್ತರರು ಸದ್ದು ಸರಿಸಿದ್ದು

ಬುಧವಾರ ಬೆಳಿಗ್ಗೆ ಚಹಾ ಕುಡಿಯುತ್ತ ಮಾರ್ತಾಂಡ ಮಾಸ್ತರರು ಮನೆ ಮಾಲಕರಿಗೆ ನಿಜ ಹೇಳಿಬಿಟ್ಟರು. ಕೆಟ್ಟದ್ದು ಅಲ್ಲಿಂದಲೇ.

ಎಪ್ಪತ್ತೊಂಬತ್ತನೇ ಇಸವಿ. ಪ್ರತಿ ಬುಧವಾರ ಲಕ್ಷ್ಮೇಶ್ವರದ ಕಡೆ ಯಾವುದೋ ಜೆಟ್ ವಿಮಾನ ಸದ್ದಿಗಿಂತ ವೇಗವಾಗಿ ಹಾರಿ, ಹಿಂದೆ ಸಿಡಿಲಿನಂಥ ಸದ್ದು ಬಿಟ್ಟು ಹೋಗುತ್ತಿತ್ತು. ವಿಮಾನ ಹೊರಳುವಾಗ ಆ ಸದ್ದೆಲ್ಲ, ಭೂತಗನ್ನಡಿಯಲ್ಲಿ ಬಿಸಿಲು ಕೂಡುವಂತೆ, ನೆಲದ ಒಂದೇ ಕಡೆ ಕೂಡಿ ಬಡಿಯುತ್ತದೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಮಾಸ್ತರರು ಗಾಳಿಯನ್ನು ಉಳ್ಳಾಗಡ್ಡಿಯಂತೆ ಪದರ ಪದರ ಬಿಡಿಸಿ, ಲಾಗ್ ಟೇಬಲ್ ಹಿಡಿದು, ಮೂರು ತಿಂಗಳು ಲೆಕ್ಕ ಹಾಕಿದ್ದರು. ಉತ್ತರ: ಇಂದು ಹನ್ನೊಂದಕ್ಕೆ, ಮಾಲಕ ಕುಬೇರಪ್ಪನವರ ಮಣ್ಣಿನ ಮಾಳಿಗೆ.

ಕುಬೇರಪ್ಪನವರು ಕಪ್ಪು ಕೆಳಗಿಟ್ಟರು. "ಸರಸ್ರಿ."

"ಏನನ್ನ?"

"ಅದನ್ನ. ಲೆಕ್ಕಾ ನಿಮ್ಮ ಕೈಯಾಗ ಐತಿ. ಅಂತೂರ ಬೆಂತೂರ ಕಡೆ ಹಾಕ್ರಿ, ಅಲ್ಲೆ ಬರೇ ಹೊಲ."

"ಅದನ್ನ ನಾ ಹಾಕೋದಲ್ರಿ. ತಾನ ಬೀಳ್ತದ."

"ಬಸ್ ಸ್ಟಾಪು ನಮ್ಮ ಮನಿ ಮುಂದ ತಾನ ಬಂತೇನು? ಹೇಳಿ ತರಿಸೀನಿ. ಆಗಂಗಿಲ್ಲಂದ್ರ ಸಂಜೀಕ ಮನಿ ಖಾಲಿ ಮಾಡ್ರಿ."

ಅವರು ಹೋದೊಡನೆ ಮಾಸ್ತರರ ಹೆಂಡತಿ ತಾರಾಬಾಯಿ ಅಡಿಗೆಮನೆಯಿಂದ ಬಂದರು. "ಅಲ್ರೀ, ಹೆಡ್ ಮಾಸ್ತರ್ ಹೇಳಿದ್ರ ಹುಡುಗರ ಮಾರ್ಕ್ಸ್ ತಿದ್ದತೀರಿ. ಇದೇನು ಮಹಾ? ಮಕ್ಕಳನ್ನ ಕಟಗೊಂಡು ಎಲ್ಲಿ ಹೋಗೋಣು?"

ಮಾಸ್ತರರು ತಲೆ ತಗ್ಗಿಸಿ, ವಿಮಾನ ಹೊರಳುವ ಹೊತ್ತಿಗೆ ಒಂದು ನಿಮಿಷ ಕೂಡಿಸಿದರು. ಕಾಗದದ ಮೇಲೆ ಸದ್ದು ಅಂತೂರ ಬೆಂತೂರಕ್ಕೆ ಹೋಯಿತು. ಕುಬೇರಪ್ಪನವರು ಅದಕ್ಕೆ ಅವರ ಸಹಿ ಹಾಕಿಸಿಕೊಂಡು, ಮಾಳಿಗೆಯ ಕೆಳಗೆ ನಿಶ್ಚಿಂತೆಯಾಗಿ ಅಡ್ಡಾದರು.

ಹನ್ನೊಂದಕ್ಕೆ ಮಾಸ್ತರರು ಕಂಬ ತಬ್ಬಿ ಕಣ್ಣು ಮುಚ್ಚಿದರು. ದೂರದಲ್ಲೆಲ್ಲೋ ಗುಡುಗಿತು. ಮಾಳಿಗೆಯಿಂದ ಹಿಡಿ ಮಣ್ಣೂ ಉದುರಲಿಲ್ಲ.

ಓಡಿಹೋಗಿ ಹಳೆಯ ಹಾಳೆ ತೆಗೆದು ನೋಡಿದರು. ಲಾಗ್ ಟೇಬಲ್ಲಿನಲ್ಲಿ ಒಂದು ಸಾಲು ಕೆಳಗೆ ನೋಡಿ, ಸರಿಯಾಗಿ ಒಂದು ನಿಮಿಷ ಕಡಿಮೆ ತಂದಿದ್ದರು. ಮೂರು ತಿಂಗಳ ತಪ್ಪಿಗೆ ಬೆಳಗಿನ ಸುಳ್ಳು ಕೂಡಿ, ಲೆಕ್ಕ ಸರಿಯಾಗಿತ್ತು.

ಮೂರರ ಬಸ್ಸಿಗೆ ಅಂತೂರ ಬೆಂತೂರದಿಂದ ಕುಬೇರಪ್ಪನವರ ಬೀಗರು ಫಕ್ಕೀರಪ್ಪ ಬಂದಿಳಿದರು. "ಹನ್ನೊಂದಕ್ಕ ಏನೋ ಬಡೀತ್ರಿ ಬೀಗರ. ಕೊಟ್ಟಗಿ ಹಂಚು ಒಂದೂ ಉಳೀಲಿಲ್ಲ. ಪುಣ್ಯಾಕ್ಕ ಎತ್ತು ಹೊಲದಾಗಿದ್ವು."

ಕುಬೇರಪ್ಪನವರು ಮಾಸ್ತರರನ್ನೇ ದಿಟ್ಟಿಸಿದರು. ಮಾಸ್ತರರು ಶಾಭಾಸಿಗಾಗಿ ಕಾದರು.

"ಅಂದ್ರ, ಸರಸಾಕ ಬರ್ತೈತಿ."

"ಹಂಗಲ್ರಿ, ಲಾಗ್ ಟೇಬಲ್‌ನಾಗ..."

"ಹೋದ ತಿಂಗಳ ಇದ ಸದ್ದಿಗೆ ನನ್ನ ಹಿತ್ತಲ ಗ್ವಾಡಿ ಬಿದ್ದಾಗ ಈ ಶಾಣ್ಯಾತನ ಎಲ್ಲಿತ್ರಿ ಮಾಸ್ತರ? ಬೇಕಂತ ಬಿಟ್ರಿ. ಸಂಜೀತನಕ ಯಾಕ, ಈಗ ಹೊಂಡ್ರಿ."