ನಾಲಿಗೆ ಕೈಕೊಟ್ಟ ದಿನ

ಬೇಕರಿ ಮಾಸ್ಟರಿಗೆ ಸಕ್ಕರೆ ಕಾಯಿಲೆ ಶುರುವಾಗಿ ಮೂರು ತಿಂಗಳಾಗಿತ್ತು. ಹೆಂಡತಿ ಮತ್ತು ಪಕ್ಕದ ಮನೆಯ ಸೊಪ್ಪಿನ ಮಾವನನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ಕೆಲಸಕ್ಕೇ ಸಂಚಕಾರ. ಹಿಟ್ಟನ್ನು ಬೆರಳಲ್ಲಿ ನೆಕ್ಕಿ ಸಕ್ಕರೆಯ ಹದ ಹೇಳುವುದಕ್ಕೇ ಅವರಿಗೆ ಸಂಬಳ. ಸಿಹಿ ಮುಟ್ಟಬಾರದ ನಾಲಿಗೆಯನ್ನು ಯಾವ ಯಜಮಾನ ಇಟ್ಟುಕೊಳ್ಳುತ್ತಾನೆ?

ಸೊಪ್ಪಿನ ಮಾವನೋ, ಯಾರು ಸೀನಿದರೂ ಎಲೆ ಹಿಡಿದು ಹಾಜರಾಗುವ ಆಸಾಮಿ. ಅಂದು ಬೆಳಿಗ್ಗೆ ಬೇಲಿಯಾಚೆಯಿಂದ ಒಂದು ಹಿಡಿ ಮಧುನಾಶಿನಿ ಎಲೆ ಚಾಚಿದ.

"ಮಾತ್ರೆ ಬಿಡಬೇಡಿ, ಅದರ ಜೊತೆಗೆ ಇದನ್ನ ಗಂಟೆಗೊಂದು ಅಗೀರಿ. ಸಕ್ಕರೆ ಹೇಳಹೆಸರಿಲ್ಲದ ಹಾಗೆ ಹೋಗತ್ತೆ."

ಮೊದಲು ಹೋಗುವುದು ನಾಲಿಗೆಯಿಂದ ಎಂಬುದನ್ನು ಮಾತ್ರ ಪುಣ್ಯಾತ್ಮ ಹೇಳಲಿಲ್ಲ.

ಎಲೆಗಳನ್ನು ಜೇಬಿಗಿಳಿಸಿ, ದಾರಿಯಲ್ಲೇ ಒಂದನ್ನು ಅಗಿಯುತ್ತ ಬೇಕರಿಗೆ ಬಂದವರೇ ಮಾಸ್ಟರು ಸಂಜೆಯ ಮದುವೆಯೊಂದಕ್ಕೆ ದೊಡ್ಡ ಕೇಕಿನ ಹಿಟ್ಟು ಕಲಸಿದರು. ನೆಕ್ಕಿದರೆ ಸಪ್ಪೆ. ಇನ್ನಷ್ಟು ಸಕ್ಕರೆ ಸುರಿದರು, ಮತ್ತೂ ಸಪ್ಪೆ. ಕಲಬೆರಕೆ ಮಾಲು ಎಂದು ಅಂಗಡಿಯವನ ವಂಶವನ್ನೆಲ್ಲ ಬೈದು ಹೊಸ ಚೀಲ ಬಿಚ್ಚಿದರು. ನಡುನಡುವೆ ಮರೆಗೆ ಹೋಗಿ ಎಲೆ ಅಗಿದರು. ಔಷಧದ ವಿಷಯದಲ್ಲಿ ಅವರದು ಬಹಳ ಕಟ್ಟುನಿಟ್ಟು. ಕೊನೆಗೆ ಹಿಟ್ಟು ಗಾರೆಯಂತೆ ಕರಕರ ಎನ್ನತೊಡಗಿದಾಗ ಹಾಳಾಗಿ ಹೋಗಲಿ ಎಂದು ಓವನ್ನಿಗೆ ತಳ್ಳಿದರು.

ಕೇಕು ಹೊರಬಂದ ಮೇಲೆ ಪ್ಯಾಕಿಂಗ್ ಅಕ್ಕ ಅಂಚಿನ ಚೂರೊಂದನ್ನು ಬಾಯಿಗೆ ಹಾಕಿಕೊಂಡು ಗೋಡೆ ಹಿಡಿದು ನಿಂತಳು.

"ಏನ್ ಹಾಕಿದ್ದೀರಿ ಮಾಸ್ಟರೇ? ಸಿಹಿಗೆ ಹಲ್ಲೆಲ್ಲಾ ಜುಂ ಅಂತಿದೆ."

ಮಾಸ್ಟರು ಒಂದು ಚಮಚ ಬರೀ ಸಕ್ಕರೆಯನ್ನೇ ಬಾಯಿಗೆ ಸುರಿದುಕೊಂಡರು. ಮರಳು ತಿಂದಂತಾಯಿತು. ಕೈಕೊಟ್ಟದ್ದು ಸಕ್ಕರೆಯಲ್ಲ, ತನ್ನ ನಾಲಿಗೆ ಎಂದು ಆಗ ಹೊಳೆಯಿತು. ಬೇರೆ ಕೇಕು ಮಾಡಲು ಹೊತ್ತಿರಲಿಲ್ಲ. ಅಷ್ಟರಲ್ಲಿ ಯಜಮಾನರೇ ಒಳಗೆ ಬಂದು ಒಂದು ತುಂಡು ಮುರಿದು ಬಾಯಿಗಿಟ್ಟರು.

ಸಿಹಿ ಯಾಕೆ ಹೆಚ್ಚಾಯಿತು ಎಂಬುದಕ್ಕೆ ಒಂದು ಸುಳ್ಳು ಹೊಂದಿಸಿಕೊಂಡು ಮಾಸ್ಟರು ತಲೆ ತಗ್ಗಿಸಿ ನಿಂತರು. ಯಜಮಾನರು ನಿಧಾನವಾಗಿ ಅಗಿದರು.

"ಸಕ್ಕರೆ ಎಲ್ಲಿ ಮಾಸ್ಟರೇ?"

ಅಕ್ಕ ನಡುವೆ ಬಾಯಿ ಹಾಕಿ, ಸಿಹಿ ವಿಪರೀತವಾಗಿದೆ ಎಂದು ಆಣೆಯಿಟ್ಟಳು. ಯಜಮಾನರು ಮೂಲೆಯಲ್ಲಿದ್ದ ಖಾಲಿ ಚೀಲಗಳನ್ನು ನೋಡಿದರು, ಇಬ್ಬರ ಮುಖವನ್ನೂ ನೋಡಿದರು.

"ಓಹೋ. ಎರಡು ಚೀಲ ಖಾಲಿ, ಕೇಕಲ್ಲಿ ಚೂರೂ ಸಿಹಿ ಇಲ್ಲ. ಇಬ್ಬರೂ ಸೇರ್ಕೊಂಡು ಎಲ್ಲಿಗೆ ಸಾಗಿಸ್ತಿದ್ದೀರಿ? ನಾಳೆಯಿಂದ ರುಚಿ ನಾನೇ ನೋಡ್ತೀನಿ. ನೀವು ತಟ್ಟೆ ತೊಳೀರಿ, ಸಾಕು."

ಹಾಗೆಂದು ಅತ್ತ ತಿರುಗಿ, ಯಾರೂ ನೋಡುತ್ತಿಲ್ಲವೆಂದುಕೊಂಡು, ಜೇಬಿನಿಂದ ಹಸಿರೆಲೆಯೊಂದನ್ನು ತೆಗೆದು ದವಡೆಗಿಟ್ಟರು.

ಮಾಸ್ಟರಿಗೆ ಎಲೆಯ ಗುರುತು ಚೆನ್ನಾಗಿಯೇ ಸಿಕ್ಕಿತು. ಆದರೆ ಅದು ನಿಮಗೆ ಹೇಗೆ ಗೊತ್ತು ಎಂದು ಯಜಮಾನರು ಕೇಳಿದರೆ ತನ್ನ ಜೇಬನ್ನೂ ತೋರಿಸಬೇಕಿತ್ತು. ತೆಪ್ಪಗೆ ತಟ್ಟೆಗಳ ಕಡೆ ನಡೆದರು.