ಟವೆಲ್ ಕೆಳಗಿನ ತೊಂಬತ್ತೆಂಟು

ನಲವತ್ತು ವರ್ಷ ದನದ ದಲ್ಲಾಳಿಯಾಗಿದ್ದವನು ತಾನು ಸುಳ್ಳೇ ಹೇಳಿಲ್ಲ ಎಂದರೆ, ಅವನ ಮುಂದಿನ ಮಾತು ಕೇಳಬೇಡಿ. ನಾನು ಹೇಳಿದ್ದೇನೆ, ಚೆನ್ನಾಗಿಯೇ ಹೇಳಿದ್ದೇನೆ. ಶ್ರೀನಿವಾಸಪುರದ ಸುತ್ತಮುತ್ತ ನಾನು ಹಲ್ಲು ನೋಡಿ ವಯಸ್ಸು ಇಳಿಸದ ಎತ್ತಿಲ್ಲ. ನಮ್ಮ ಕಸುಬಿನಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವಂತಿಲ್ಲ. ಇಬ್ಬರ ಕೈಮೇಲೆ ಟವೆಲ್ ಹೊದಿಸಿ, ಒಳಗೇ ಬೆರಳು ಹಿಸುಕಿ ವ್ಯಾಪಾರ ಮುಗಿಸಬೇಕು. ಮೇಲೆ ಮುಖ ಸನ್ಯಾಸಿಯದು, ಕೆಳಗೆ ಬೆರಳು ಕಳ್ಳನದು. ಈ ವಿದ್ಯೆ ಆಸ್ಪತ್ರೆಯಲ್ಲೂ ಕೆಲಸಕ್ಕೆ ಬರುತ್ತದೆ ಎಂದು ಮಾತ್ರ ಗೊತ್ತಿರಲಿಲ್ಲ.

ಆಗ ಸೇದಿದ ಬೀಡಿಗಳೆಲ್ಲ ಈಗ ಎದೆಯೊಳಗೆ ಪಂಚಾಯ್ತಿ ಕೂತಿವೆ. ಬಚ್ಚಲಿಗೆ ಹೋಗಿಬಂದರೂ ತಿರುಪತಿ ಬೆಟ್ಟ ಹತ್ತಿದಷ್ಟು ಏದುಸಿರು. ಕೋಲಾರದ ಆಸ್ಪತ್ರೆಯವರು ವಾರಕ್ಕೆರಡು ದಿನ ಉಸಿರಿನ ಕ್ಲಾಸಿಗೆ ಬರಹೇಳಿದರು. ನನ್ನಂಥವರೇ ಏಳೆಂಟು ಜನ. ವರಾಂಡದಲ್ಲಿ ನಡೆಯುವುದು, ಕುರ್ಚಿಯಿಂದ ಎದ್ದು ಕೂರುವುದು, ಮೂಗಿನಲ್ಲಿ ಎಳೆದು ತುಟಿ ಚೂಪು ಮಾಡಿ ಬಿಸಿ ಕಾಫಿ ಆರಿಸುವಂತೆ ಮೆಲ್ಲಗೆ ಊದುವುದು. ಕಲಿಸುವ ಮೇಡಂ ನನ್ನ ಮೊಮ್ಮಗಳ ವಯಸ್ಸಿನವರು. ಮೊದಲ ದಿನವೇ ಒಬ್ಬೊಬ್ಬರನ್ನೂ ಕೇಳಿದರು, "ಚೇತರಿಸ್ಕೊಂಡ್ಮೇಲೆ ಏನ್ ಮಾಡ್ಬೇಕು ಅಂತ ಆಸೆ?"

"ಹೆಂಡ್ತಿ ಬೈಯೋಕೆ ಶುರು ಮಾಡಿದ್ರೆ ಓಡೋಗ್ಬೇಕು ಮೇಡಂ" ಎಂದೆ. ಎಲ್ಲರೂ ನಕ್ಕು, ನಕ್ಕಿದ್ದಕ್ಕೆ ಕೆಮ್ಮಿದರು.

ಪಕ್ಕದ ಗೌಸ್ ಸಾಬ್ ಮಾತ್ರ ನಗಲಿಲ್ಲ. ಮುಳಬಾಗಿಲಿನಲ್ಲಿ ಹಾಸಿಗೆ ಹೊಲಿಯುವವನು. ಬೀಡಿ ಮುಟ್ಟದಿದ್ದರೂ ಹತ್ತಿಯ ಧೂಳು ಎದೆ ಹಿಡಿದಿತ್ತು. "ಮಾಲೂರಲ್ಲಿ ನನ್ ಮಗಳ ಮನೆ ಮಹಡಿ ಮೇಲೈತೆ. ಇಪ್ಪತ್ತೆರಡು ಮೆಟ್ಲು. ಮೊಮ್ಮಗಳು ಹುಟ್ಟವ್ಳೆ. ನಾನೇ ಹತ್ತೋಗಿ ಎತ್ಕೋಬೇಕು" ಎಂದ.

ನಡೆದು ಬಂದ ಕೂಡಲೇ ಬೆರಳಿಗೊಂದು ಕ್ಲಿಪ್ಪು ಸಿಕ್ಕಿಸಿ ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ನೋಡುತ್ತಾರೆ. ನನ್ನದು ಎಂಬತ್ತಾರು, ಎಂಬತ್ತೇಳು. ದಲ್ಲಾಳಿಯಾದವನು ಇಂಥ ಬೆಲೆಗೆ ಒಪ್ಪುವುದುಂಟೆ? ಒಂದು ದಿನ ಮೇಡಂ ಬರೆದುಕೊಳ್ಳುವುದರಲ್ಲಿ ಮುಳುಗಿದ್ದಾಗ, ಜೊತೆಗೆ ಬಂದು ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ನಾರಾಯಣಮ್ಮನ ಕೈಯನ್ನು ಟವೆಲ್ ಕೆಳಗೆ ಹಿಡಿದೆ. ಮದುವೆಯಾದ ಇಷ್ಟು ವರ್ಷಕ್ಕೆ ನಾನು ನಾಲ್ಕು ಜನರ ನಡುವೆ ಕೈ ಹಿಡಿದೆನೆಂದು ಪಾಪ, ಅವಳು ನಾಚಿಕೊಂಡಳು. ನನ್ನ ಕ್ಲಿಪ್ಪು ಅವಳ ಬೆರಳಿಗೆ ಕಚ್ಚಿದ ಮೇಲೆ ನಾಚಿಕೆ ಹೋಯಿತು. ಆದರೆ ಅಷ್ಟರಲ್ಲಿ ಟವೆಲ್ ಅಂಚಿನಿಂದ ತೊಂಬತ್ತೆಂಟು ಮಿನುಗಿತ್ತು.

"ಸೂಪರ್ ತಾತಾ!" ಎಂದರು ಮೇಡಂ. "ಹಾಗಾದ್ರೆ ಇನ್ನೆರಡು ಸುತ್ತು ಹೋಗ್ಬನ್ನಿ."

ಹೋದೆ. ಬರುವುದು ಮಾತ್ರ ಕಷ್ಟವಾಯಿತು. ಗೋಡೆಗೆ ಒರಗಿ, ಇಲ್ಲದ ಕಾಫಿಯನ್ನೆಲ್ಲ ಊದಿ ಆರಿಸಿದೆ.

ನನಗೆ ಬಿದ್ದ ಶಿಕ್ಷೆ ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಮುಂದಿನ ಎರಡು ಕ್ಲಾಸಿಗೆ ಗೌಸ್ ಬರಲಿಲ್ಲ. ಫೋನ್ ಮಾಡಿದೆ.

"ಏನ್ಲಾ ಗೌಸು, ಸೋಮಾರಿ ಹಂಗೆ ಬಿದ್ದಿದ್ಯಾ?"

"ಇಲ್ಲಣ್ಣಾ. ನೀವು ನನ್ಗಿಂತ ಎಂಟು ವರ್ಸ ದೊಡ್ಡೋರು, ಬೀಡಿ ಸೇದ್ದೋರು. ನಿಮ್ಗೆ ತೊಂಬತ್ತೆಂಟು ಬಂತು. ನಾನು ಅಷ್ಟೇ ನಡ್ದೆ, ಅಷ್ಟೇ ಊದ್ದೆ. ನಂದು ಎಂಬತ್ತೈದ್ರಾಗೇ ಐತೆ. ನನ್ ಕೈಲಿ ಆ ಮೆಟ್ಲು ಹತ್ತಾಕಾಗಲ್ಲ ಬಿಡಿ. ಮಗೂನ ಫೋನ್‌ನಾಗೇ ನೋಡ್ತೀನಿ."

ಎಷ್ಟೋ ಮುದಿ ಎತ್ತುಗಳನ್ನು ಕರುವೆಂದು ಮಾರಿ ನೆಮ್ಮದಿಯಾಗಿ ನಿದ್ದೆ ಮಾಡಿದವನು ನಾನು. ಅಂದು ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ. ಮರುದಿನವೇ ಸಾಕ್ಷಿಗೆಂದು ಹೆಂಡತಿಯನ್ನೂ ಕರೆದುಕೊಂಡು ಮುಳಬಾಗಿಲಿನ ಬಸ್ಸು ಹತ್ತಿದೆ. ಗೌಸ್ ಅಂಗಡಿಯಲ್ಲಿ ಹೊಲಿದ ಹಾಸಿಗೆಗೆ ಒರಗಿ ಕುಳಿತಿದ್ದ. ಬಸ್ ಸ್ಟಾಂಡಿನಿಂದ ನಡೆದು ಬಂದ ನಾನು ಬಾಗಿಲು ಹಿಡಿದು ಊದುತ್ತಾ ನಿಂತೆ. ಕೊನೆಗೆ ನಾರಾಯಣಮ್ಮನೇ ತನ್ನ ಬೆರಳನ್ನು ಅವನ ಮುಖಕ್ಕೆ ಹಿಡಿದಳು.

"ನೋಡಪ್ಪ, ಆ ತೊಂಬತ್ತೆಂಟು ನಂದು. ಈ ಮುಂಡೇದು ಟವೆಲ್ ಕೆಳ್ಗೆ ಕದ್ದಿದ್ದು. ಇವ್ರದ್ದೂ ನಿನ್ನಂಗೇ ಹರ್ಕಲು."

ಗೌಸ್ ನನ್ನನ್ನೇ ನೋಡಿದ. ಬೈಯುತ್ತಾನೆ ಎಂದುಕೊಂಡೆ. "ಅರೇ ಅಲ್ಲಾ! ಅಂಗಾರೆ ನಂದು ಕೆಟ್ಟಿಲ್ಲ?" ಎಂದವನೇ ನಗಲು ಶುರುಮಾಡಿದ. ಇಬ್ಬರೂ ನಕ್ಕು ಕೆಮ್ಮಿ, ನಾರಾಯಣಮ್ಮ ನೀರು ಹುಡುಕುವಂತಾಯಿತು.

ಮುಂದಿನ ಕ್ಲಾಸಿನಲ್ಲಿ ಮೇಡಂಗೂ ನಿಜ ಹೇಳಿದೆ. ಅವರು ಅಷ್ಟು ಸುಲಭಕ್ಕೆ ಬಿಡಲಿಲ್ಲ. "ಸುಳ್ಳು ನಂಬರ್ ನಂಬಿ ನಾನು ನಡೆಸಿದ್ನಲ್ಲಾ, ಬಿದ್ದಿದ್ರೆ? ತಾತಾ, ಇದೇನು ಪರೀಕ್ಷೆ ಮಾರ್ಕ್ಸಾ? ಎಷ್ಟು ದೂರ ನಡೀತೀರಿ ಅನ್ನೋದು ಮುಖ್ಯ" ಎಂದು ನನ್ನ ಟವೆಲ್ ಕಿತ್ತು ಕಿಟಕಿಗೆ ನೇತುಹಾಕಿದರು. ಗೌಸ್ ಆಮೇಲೆ ಒಂದು ದಿನವೂ ಕ್ಲಾಸು ತಪ್ಪಿಸಲಿಲ್ಲ.

ಕ್ಲಾಸು ಮುಗಿದ ವಾರ ಇಬ್ಬರೂ ಮಾಲೂರಿಗೆ ಹೋದೆವು. ಅವನು ಮೂರು ಮೆಟ್ಟಿಲಿಗೊಮ್ಮೆ ನಿಂತು, ಊದಿ, ಮತ್ತೆ ಮೂರು ಹತ್ತಿದ. ನಾನು ಅವನಿಗೆ ದಾರಿ ತೋರಿಸುವ ಗತ್ತಿನಲ್ಲಿ ಮುಂದೆ ಹೋಗಿ ಹದಿಮೂರನೆಯದರಲ್ಲಿ ಕುಳಿತುಬಿಟ್ಟೆ. ಅವನು ನನ್ನನ್ನು ದಾಟಿ ಮೇಲೆ ಹೋದ. ಮಗುವಿನ ಅಳು, ಅವನ ನಗು, ಕೆಮ್ಮು ಎಲ್ಲ ಒಟ್ಟಿಗೆ ಕೇಳಿಸಿತು. ಅವನ ಮಗಳು ಮೇಲಿನಿಂದ ಬಗ್ಗಿ, "ಯಾಕ್ ಚಾಚಾ, ಅಲ್ಲೇ ಕೂತ್ರಿ?" ಎಂದಳು.

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಗೌಸ್ ಹೇಳಿದ, "ಅಣ್ಣ ಬೇಕೂಂತ್ಲೇ ಕೂತವ್ರೆ ಕಣಮ್ಮಾ. ಮೊದ್ಲು ನಾನು ನೋಡ್ಲಿ ಅಂತ."

ಅವಳು ಕಣ್ಣು ಒರೆಸಿಕೊಂಡು ನನಗೆ ಕೈ ಮುಗಿದಳು. ಹಾಗಲ್ಲಮ್ಮ ಎಂದು ಹೇಳಬೇಕೆಂದು ನಿಜವಾಗಿಯೂ ಅನ್ನಿಸಿತು. ಆದರೆ ಹೇಳಲು ಉಸಿರು ಬೇಕಲ್ಲ. ಅದು ಇನ್ನೂ ಒಂಬತ್ತನೇ ಮೆಟ್ಟಿಲಲ್ಲೇ ಇತ್ತು.